ಹತ್ತು ವರ್ಷದ ನಮ್ಮೂರ ಸಿನಿಮಾ: ಯಾವುದು ಯಾರಿಗೆ, ಯಾವುದು ಮೊದಲು

ಡೊಂಬಿವಲಿಯ ಅಕ್ಕನ ಫೋನು ಏಪ್ರಿಲ್‌ನಲ್ಲಿ ಬಂತೆಂದರೆ ಮತ್ಸ್ಯಗಂಧ ರೈಲಿನ ಟಿಕೆಟ್ ಆಯಿತೆಂದು ಅರ್ಥ. ಈ ಸಲ ಟಿಕೆಟ್ಟಿನ ಸುದ್ದಿಯ ಬೆನ್ನಿಗೇ ಇನ್ನೊಂದು ಕೇಳಿದಳು. "ಊರಲ್ಲಿ ನಾಲ್ಕು ರಾತ್ರಿ ಇರ್ತೇವೆ. ಈ ಹತ್ತು ವರ್ಷದಲ್ಲಿ ನಮ್ಮ ಕರಾವಳಿ ಕಡೆಯ ಸಿನಿಮಾ ತುಂಬ ಬಂದಿದೆಯಂತೆ. ಒಳ್ಳೆಯದು ಯಾವುದು ಹೇಳು, ಮಕ್ಕಳಿಗೆ ತೋರಿಸ್ಬೇಕು." ಮಗನಿಗೆ ಇಪ್ಪತ್ತೆರಡು, ಮಗಳಿಗೆ ಒಂಬತ್ತು. ಇಬ್ಬರಿಗೂ ತುಳು ಬರುತ್ತದೆ, ಕನ್ನಡ ಅರ್ಧಂಬರ್ಧ. ಜೊತೆಗೆ ಭಾವ, ನಮ್ಮ ಅಮ್ಮ, ನಾನು. ಫೋನಲ್ಲಿ ಒಂದೇ ಹೆಸರು ಹೇಳಿ ಮುಗಿಸಲಿಕ್ಕೆ ನನಗೆ ಮನಸ್ಸಾಗಲಿಲ್ಲ. ಅವಳಿಗೆಂದು ಬರೆಯಲು ಕೂತದ್ದು ಇಷ್ಟಾಯಿತು. ಮನೆಗೆ ಪರವೂರಿನ ನೆಂಟರು ಬರುವ ಬೇರೆಯವರಿಗೂ ಉಪಯೋಗಕ್ಕೆ ಬಂದೀತು.

ಆರಿಸುವುದು ಯಾವ ಅಳತೆಯಿಂದ? ಕಲೆಕ್ಷನ್ ನೋಡಿದರೆ ಎಷ್ಟು ಜನ ಹೋದರು ಎಂದು ತಿಳಿಯುತ್ತದೆ, ಒಂಬತ್ತು ವರ್ಷದ ಹುಡುಗಿ ಎರಡೂವರೆ ಗಂಟೆ ಕೂರುತ್ತಾಳೋ ಎಂದು ತಿಳಿಯುವುದಿಲ್ಲ. ಪ್ರಶಸ್ತಿಯ ಪಟ್ಟಿಯೂ ಅಷ್ಟೆ. ನಾನು ಕಿವಿಯಿಂದ ಆರಿಸುವವನು. ಚಿಕ್ಕವನಿದ್ದಾಗ ಉಡುಪಿಯ ಕಲ್ಪನಾದಲ್ಲೋ ಅಲಂಕಾರಿನಲ್ಲೋ ಕನ್ನಡ ಸಿನಿಮಾ ನೋಡುವಾಗ ನಮ್ಮ ಮಾತು ಕೇಳುತ್ತಿದ್ದದ್ದು ಒಂದೇ ಜಾಗದಲ್ಲಿ: ಹೋಟೆಲಿನ ಅಡಿಗೆ ಭಟ್ಟರ ಬಾಯಲ್ಲಿ. "ಎಂತ ಮಾರಾಯ್ರೆ" ಎಂದು ಅವರು ಎಳೆದದ್ದೇ ತಡ, ಟಾಕೀಸು ನಗುತ್ತಿತ್ತು. ನಗುತ್ತಿದ್ದವರೆಲ್ಲ ನಮ್ಮೂರಿನವರೇ. ಮನೆಗೆ ಬಂದು ಅದೇ ಮಾತಿನಲ್ಲಿ ಅಮ್ಮನ ಹತ್ತಿರ ಊಟ ಕೇಳುವಾಗ ನನಗೆ ಒಂಥರಾ ಆಗುತ್ತಿತ್ತು. ಈ ಹತ್ತು ವರ್ಷದಲ್ಲಿ ಬದಲಾದದ್ದು ಮುಖ್ಯವಾಗಿ ಇದು. ಅದೇ ಮಾತಿನಲ್ಲಿ ಈಗ ನಾಯಕ ಪ್ರೀತಿ ಹೇಳುತ್ತಾನೆ, ಹೆದರಿಸುತ್ತಾನೆ, ಅಳುತ್ತಾನೆ. ಹಾಗಾಗಿ ಪ್ರತಿ ಸಿನಿಮಾಕ್ಕೆ ನನ್ನ ಮೊದಲ ಪ್ರಶ್ನೆ, ನಮ್ಮ ಮಾತು ಇದರಲ್ಲಿ ಎಂತ ಕೆಲಸ ಮಾಡುತ್ತದೆ? ಎರಡನೆಯದು, ದೈವ ಮೈಮೇಲೆ ಬರುವ ಕೋಲ, ಹುಲಿವೇಷ, ಕಂಬಳ ಇಷ್ಟನ್ನೂ ತೆಗೆದಿಟ್ಟರೆ ಒಳಗೆ ಕಥೆ ಉಂಟಾ? ಮೂರನೆಯದು ಮನೆಯದ್ದು, ಪಕ್ಕದಲ್ಲಿ ಕೂತವರು ಯಾರು?

ನಮ್ಮ ಮಾತು ಅಂದರೂ ಅದು ಒಂದಲ್ಲ. ಮಂಗಳೂರು ಪೇಟೆಯ ಕನ್ನಡದ ಎಲುಬು ತುಳುವಿನದು. ತುಳುವಿನ "ಉಂಡು" ಬೆನ್ನಿಗಿರುವುದರಿಂದಲೇ ನಮ್ಮ ಬಾಯಿಗೆ "ಇದೆ"ಗಿಂತ "ಉಂಟು" ಸಲೀಸು. ಬ್ರಹ್ಮಾವರ ದಾಟಿ ಉತ್ತರಕ್ಕೆ ಹೋದರೆ ಹೋಗಬೇಕು, ಬರಬೇಕು ಎನ್ನಲಿಕ್ಕೆ ಹೋಯ್ಕ್, ಬರ್ಕ್ ಎನ್ನುವ ಕುಂದಾಪ್ರ ಕನ್ನಡ. ತಲಪಾಡಿ ಗಡಿ ದಾಟಿದರೆ ಮಲಯಾಳದ ನೆರೆಯಲ್ಲಿ ಬೆಳೆದ ಕಾಸರಗೋಡಿನ ಕನ್ನಡ. ಒಂದೊಂದು ಸಿನಿಮಾ ಒಂದೊಂದರಲ್ಲಿ ನಿಂತಿದೆ.

ಒಂದು ಹೆಸರನ್ನು ಮೊದಲೇ ಬದಿಗಿಡಬೇಕು. ರಕ್ಷಿತ್ ಶೆಟ್ಟಿಯವರ "ಉಳಿದವರು ಕಂಡಂತೆ" ಬಂದದ್ದು 2014ರ ಮಾರ್ಚ್‌ನಲ್ಲಿ. ನಾನು 2015ರಿಂದ 2025ರವರೆಗೆ ಎಂದು ಗೆರೆ ಎಳೆದುಕೊಂಡಿರುವುದರಿಂದ ಅದು ಹೊರಗೆ ಬೀಳುತ್ತದೆ. ಹೊರಗಿದ್ದರೂ ಮುಂದಿನದ್ದಕ್ಕೆಲ್ಲ ಬೇರು ಅದೇ. ಮಲ್ಪೆಯಲ್ಲಿ, ಅಷ್ಟಮಿಯ ಗದ್ದಲದ ನಡುವೆ, ಒಂದೇ ಘಟನೆಯನ್ನು ಬೇರೆ ಬೇರೆಯವರ ಕಣ್ಣಿನಿಂದ ಹೇಳಿದ ಆ ಸಿನಿಮಾ ಥಿಯೇಟರಿನಲ್ಲಿ ಸರಿಯಾಗಿ ಓಡಲಿಲ್ಲ, ಜನ ನಿಧಾನಕ್ಕೆ ಅದರ ಹತ್ತಿರ ಬಂದರು. ಅಜನೀಶ್ ಲೋಕನಾಥರ ಸಂಗೀತ, ರಿಷಬ್ ಶೆಟ್ಟಿಯವರ ನಟನೆ ಅಲ್ಲೇ ಇತ್ತು. ನಾಲ್ಕರ ಜಾಗದಲ್ಲಿ ಐದು ರಾತ್ರಿ ಸಿಕ್ಕಿದರೆ ಮೊದಲ ರಾತ್ರಿ ಅದಕ್ಕೇ ಕೊಡಿ.

ಶಿವ ಮತ್ತು ಶಿವ

ಅಕ್ಕನ ಮಗ ನೇರ ಕೇಳಿದ್ದು, "ಮಾಮ, ಕಾಂತಾರವಾ, ಗರುಡ ಗಮನವಾ?" ಇದರ ಮೇಲೆ ನಮ್ಮ ಕಡೆಯ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಅರ್ಧ ಗಂಟೆ ವಾದ ಮಾಡುತ್ತಾರೆ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎರಡರಲ್ಲೂ ರಿಷಬ್ ಶೆಟ್ಟಿ ಇದ್ದಾರೆ. ಎರಡರಲ್ಲೂ ಶಿವ ಎಂಬ ಹೆಸರಿನವನ ಮೈಮೇಲೆ ಮನುಷ್ಯನಿಗೆ ಮೀರಿದ ಸಿಟ್ಟು ಬರುತ್ತದೆ. "ಗರುಡ ಗಮನ ವೃಷಭ ವಾಹನ" 2021ರ ನವೆಂಬರಿನದು. ಬರೆದು ನಿರ್ದೇಶಿಸಿದ ರಾಜ್ ಬಿ. ಶೆಟ್ಟಿಯವರೇ ಅದರಲ್ಲಿ ಶಿವ, ರಿಷಬ್ ಹರಿ. ಮಂಗಳೂರಿಗೆ ಹೆಸರು ಕೊಟ್ಟ ಮಂಗಳಾದೇವಿಯ ಸುತ್ತಲಿನ ಓಣಿಗಳಲ್ಲೇ ಕಥೆ ನಡೆಯುತ್ತದೆ. ಇಬ್ಬರು ಗೆಳೆಯರು ರೌಡಿಗಳಾಗಿ ಬೆಳೆಯುತ್ತಾರೆ, ನಡುವೆ ಬ್ರಹ್ಮಯ್ಯ ಎಂಬ ಸಬ್ ಇನ್‌ಸ್ಪೆಕ್ಟರ್ ಬರುತ್ತಾರೆ. ಬ್ರಹ್ಮ, ಹರಿ, ಹರ ಎಂದು ಹೆಸರುಗಳು ಜೋಡಿಸಿಕೊಂಡಿವೆ, ಆದರೆ ಆ ಜೋಡಣೆ ಗೊತ್ತಾಗದಿದ್ದರೂ ಕಥೆಗೆ ಕುಂದಿಲ್ಲ. ಶಿವನಿಗೆ ಮಾತು ಕಡಿಮೆ. ಅವನು ಆಡುವ ನಾಲ್ಕು ಮಾತು ಪಕ್ಕದ ಗಲ್ಲಿಯಲ್ಲಿ ಕ್ರಿಕೆಟ್ ಆಡುವ ಹುಡುಗನದ್ದೇ ಮಾತು, ಅದಕ್ಕೇ ನಮಗೆ ಹೆದರಿಕೆ. ರೌಡಿ ಎಂದರೆ ಗಂಟಲು ದಪ್ಪ ಮಾಡಿ ಕೂಗುವವನು ಎಂದು ತಿಳಿದಿದ್ದ ಕಿವಿಗೆ ಅದು ಹೊಸತು.

ರಕ್ತದ ಮೇಲೆ ರಕ್ತ ಆದ ಮೇಲೆ ಶಿವ ಹುಲಿಯ ಹೆಜ್ಜೆ ಹಾಕುವ ಜಾಗ ಒಂದುಂಟು. ಹಿಂದೆ ಕೇಳುವುದು ಮಾದೇವನ ಹಾಡು, ಮೈಸೂರು ಸೀಮೆಯ ಜನಪದ. ಹೆಜ್ಜೆ ನಮ್ಮದು, ಹಾಡು ಅವರದ್ದು. ಸೇರಬಾರದಿತ್ತು, ಸೇರಿದೆ. ಉಡುಪಿಯಲ್ಲಿ ಹುಲಿವೇಷ ಅಷ್ಟಮಿಗೆ, ಮಂಗಳೂರಿನಲ್ಲಿ ದಸರೆಗೆ. ಎರಡನ್ನೂ ನೋಡಿ ಬೆಳೆದವನಿಗೆ ಅಲ್ಲಿ ಕಾಲು ತಾನಾಗಿ ಅಲ್ಲಾಡುತ್ತದೆ. ಅಲ್ಲಾಡಿದ ಕೂಡಲೇ, ಕೊಲೆ ಮಾಡಿದವನ ಜೊತೆ ನಾನೂ ಕುಣಿಯುತ್ತಿದ್ದೇನಲ್ಲ ಎಂದು ಹೊಟ್ಟೆಯಲ್ಲಿ ಚಳಿ ಕೂರುತ್ತದೆ. ಹುಲಿವೇಷವನ್ನು ಚಂದಕ್ಕೆ ತೋರಿಸಿದ ಸಿನಿಮಾ ಬೇಕಾದಷ್ಟು ಉಂಟು. ನಮ್ಮ ಮೈಯೊಳಗಿನ ಹುಲಿಯನ್ನು ನಮಗೇ ತೋರಿಸಿದ್ದು ನಾನು ಕಂಡ ಹಾಗೆ ಇದೊಂದೇ.

"ಕಾಂತಾರ" 2022ರ ಸೆಪ್ಟೆಂಬರ್ 30ಕ್ಕೆ ಬಂತು. ಚಿತ್ರೀಕರಣ ಹೆಚ್ಚಾಗಿ ಆದದ್ದು ಕುಂದಾಪುರ ತಾಲೂಕಿನ ಕೆರಾಡಿಯಲ್ಲಿ, ಅದು ರಿಷಬ್ ಅವರದ್ದೇ ಊರು. 1847ರಲ್ಲಿ ಅರಸನೊಬ್ಬ ದೈವದ ಕಲ್ಲಿಗೆ ಬದಲಾಗಿ ಜನರಿಗೆ ಭೂಮಿ ಬಿಟ್ಟುಕೊಟ್ಟ ಮಾತಿನಿಂದ ಕಥೆ ಶುರು. ಮುಂದಿನವರು ಆ ಭೂಮಿ ಹಿಂದೆ ಕೇಳುತ್ತಾರೆ, 1990ರ ಹೊತ್ತಿಗೆ ಅರಣ್ಯ ಇಲಾಖೆಯ ಗಡಿಗೆರೆಯೂ ಬರುತ್ತದೆ. ಇದು ಬರೀ ಕಥೆ ಎಂದು ಮಕ್ಕಳು ತಿಳಿಯುವುದು ಬೇಡ. ಮನೆಯ ಅಂಗಳ ಎಲ್ಲಿ ಮುಗಿದು ಕಾಡು ಎಲ್ಲಿ ಶುರುವಾಗುತ್ತದೆ ಎಂಬ ಜಗಳ ಘಟ್ಟದ ಬುಡದ ಊರುಗಳಲ್ಲಿ ನಿಜವಾಗಿಯೂ ಇರುವಂಥದ್ದು.

ಕೊನೆಯ ಇಪ್ಪತ್ತು ನಿಮಿಷದ ಬಗ್ಗೆ ನಾನು ಹೊಸತಾಗಿ ಹೇಳುವುದಕ್ಕೇನೂ ಇಲ್ಲ. ಗುಳಿಗ ದೈವ ಬಂದಾಗ ಥಿಯೇಟರಿನ ಕತ್ತಲೆಯಲ್ಲೇ ಅಮ್ಮ ಕೈ ಮುಗಿದರು. ಪಕ್ಕದ ಸಾಲಿನಲ್ಲಿ ಇನ್ನೂ ಯಾರೋ ಮುಗಿದರು. ರಿಷಬ್ ಅವರಿಗೆ ಅತ್ಯುತ್ತಮ ನಟನ ರಾಷ್ಟ್ರ ಪ್ರಶಸ್ತಿ ಬಂದಾಗ ಆ ಇಪ್ಪತ್ತು ನಿಮಿಷಕ್ಕೇ ಬಂತು ಎಂದು ನಾವು ಮನೆಯಲ್ಲಿ ಮಾತಾಡಿಕೊಂಡೆವು. ಆದರೆ ನನ್ನ ಎರಡನೆಯ ಪ್ರಶ್ನೆ ಹಾಕಿ ನೋಡಿ. ಕಂಬಳವನ್ನೂ ಕೋಲವನ್ನೂ ತೆಗೆದಿಟ್ಟರೆ ನಡುವೆ ಉಳಿಯುವುದು ಕುಡಿದು ತಿರುಗುವ ಉಡಾಳ ನಾಯಕ, ಅವನು ಕೇಳದೆ ಸೊಂಟ ಚಿವುಟಿದರೂ ಒಲಿಯುವ ಹುಡುಗಿ, ನಗುತ್ತಲೇ ಮೋಸ ಮಾಡುವ ಧಣಿ. ಇದನ್ನು ನಾವು ಬೇರೆ ಬಟ್ಟೆಯಲ್ಲಿ ಬೇಕಾದಷ್ಟು ಸಲ ನೋಡಿದ್ದೇವೆ. ಆ ಚಿವುಟುವ ದೃಶ್ಯ ಬಂದಾಗ ಸೊಸೆಯ ಹತ್ತಿರ ಒಂದು ಮಾತು ಆಡಬೇಕಾಗುತ್ತದೆ ಎಂದು ಅಕ್ಕನಿಗೆ ಈಗಲೇ ಹೇಳಿದ್ದೇನೆ.

ನನ್ನ ತೀರ್ಪು: ಇವೆರಡರಲ್ಲಿ ಒಳ್ಳೆಯ ಸಿನಿಮಾ ಗರುಡ ಗಮನ. ಹುಲಿಹೆಜ್ಜೆ ಕಳೆದರೂ ಇಬ್ಬರು ಗೆಳೆಯರ ಕಥೆಯಾಗಿ ಅದು ತನ್ನ ಕಾಲ ಮೇಲೆ ನಿಲ್ಲುತ್ತದೆ. ಆದರೆ ಎಲ್ಲರೂ ಒಟ್ಟಿಗೆ ಕೂತು ನೋಡುವುದಾದರೆ ಕಾಂತಾರ. ಗರುಡ ಗಮನವನ್ನು ಮಕ್ಕಳೆದುರು ಹಾಕಲೇಬಾರದು, ಅದರಲ್ಲಿ ಹೊಡೆತ ಬರೀ ಸದ್ದಿಗೆ ಇಲ್ಲ, ನೋವಾಗುವ ಹಾಗೆ ಇದೆ. ಅಳಿಯ ಅದನ್ನು ಒಬ್ಬನೇ ನೋಡಲಿ. ಕಾಂತಾರಕ್ಕೆ ಟಿವಿಯ ಸ್ಪೀಕರು ಸಾಲದು. ಯಾರ ಮನೆಯಲ್ಲಾದರೂ ದೊಡ್ಡ ಸೌಂಡ್ ಸಿಸ್ಟಮ್ ಇದ್ದರೆ ಕೇಳಿ ತನ್ನಿ. ದೈವದ ಆ "ಓ" ಎಂಬ ಕೂಗು ಎದೆಗೆ ತಾಗಬೇಕು.

ಯಾವ ಭಾಷೆಯಲ್ಲಿ ಹಾಕುವುದು ಎನ್ನುವುದೂ ಒಂದು ಆಯ್ಕೆಯೇ. ಮುಂಬಯಿಯ ಮಕ್ಕಳು ಹಿಂದಿ ಡಬ್ಬಿಂಗ್ ಕೇಳುತ್ತಾರೆ. ಕೊಡಬೇಡಿ. ಅದರಲ್ಲಿ ಕಥೆ ಸಿಗುತ್ತದೆ, ಊರು ಸಿಗುವುದಿಲ್ಲ. 2022ರ ಡಿಸೆಂಬರಿನಲ್ಲಿ ತುಳು ಅವತರಣಿಕೆಯೂ ಬಂದಿತ್ತು, ಸಿಕ್ಕಿದರೆ ತುಳು ಮನೆಮಾತಿನ ಹಿರಿಯರಿಗೆ ಅದು ಸಲೀಸು. ಆದರೂ ನಾನು ಹಾಕುವುದು ಕನ್ನಡವನ್ನೇ, ಕೆಳಗೆ ಇಂಗ್ಲಿಷ್ ಸಾಲುಗಳು ಓಡಲಿ. ಆ ಸಾಲುಗಳಲ್ಲಿ "ಮಾರ್ರೆ" ಬರುವುದಿಲ್ಲ, ಅದನ್ನು ಪಕ್ಕದಲ್ಲಿ ಕೂತವರು ಬಾಯಿಬಿಟ್ಟು ಹೇಳಿದರಾಯಿತು.

2025ರ ಅಕ್ಟೋಬರ್ 2ಕ್ಕೆ ಬಂದ "ಕಾಂತಾರ ಅಧ್ಯಾಯ 1" ಬೇಕೇ? ಮೊದಲನೆಯದು ನೋಡಿದವರಿಗೆ, ಅದೂ ದೊಡ್ಡ ಪರದೆಯಾದರೆ. ಕಥೆ ಕದಂಬರ ಕಾಲಕ್ಕೆ ಹೋಗುತ್ತದೆ, ಅರಮನೆ ಮತ್ತು ಯುದ್ಧ ಭರ್ಜರಿಯಾಗಿದೆ. ನನ್ನ ಕಿವಿಗೆ ನಮ್ಮೂರು ಅದರಲ್ಲಿ ಕಡಿಮೆ ಕೇಳಿಸಿತು.

ನಗಬೇಕೆಂದರೆ

ಇಲ್ಲಿಯೂ ಎರಡು. 2017ರ "ಒಂದು ಮೊಟ್ಟೆಯ ಕಥೆ" ಮತ್ತು 2025ರ ಜುಲೈಯಲ್ಲಿ ಬಂದ "ಸು ಫ್ರಮ್ ಸೋ". ಮೊದಲನೆಯದು ರಾಜ್ ಬಿ. ಶೆಟ್ಟಿಯವರ ಮೊದಲ ಸಿನಿಮಾ, ಎರಡನೆಯದಕ್ಕೆ ಅವರು ನಿರ್ಮಾಪಕರಲ್ಲೊಬ್ಬರು, ನಿರ್ದೇಶನ ಜೆ.ಪಿ. ತುಮಿನಾಡು ಅವರದ್ದು.

ಮೊಟ್ಟೆಯ ಕಥೆಯ ಜನಾರ್ದನ ಮಂಗಳೂರಿನ ಕನ್ನಡ ಲೆಕ್ಚರರ್. ತಲೆಕೂದಲು ಉದುರಿದೆ, ಹೆಣ್ಣು ಸಿಗುವುದಿಲ್ಲ, ದೇವರ ಹಾಗೆ ನಂಬಿದ್ದು ಡಾ. ರಾಜ್‌ಕುಮಾರ್ ಅವರನ್ನು. ಕನ್ನಡ ಕಲಿಸುವವನ ಬಾಯಲ್ಲಿ ಪುಸ್ತಕದ ಕನ್ನಡವೂ ಮನೆಯ ಕನ್ನಡವೂ ತಿಕ್ಕಾಡುವುದನ್ನು ಕೇಳಿ. ಪ್ಯೂನ್ ಶ್ರೀನಿವಾಸನಾಗಿ ಪ್ರಕಾಶ್ ತುಮಿನಾಡು ಬಂದು ಎರಡು ಮಾತಾಡಿದರೆ ಆ ತಿಕ್ಕಾಟ ಅಲ್ಲೇ ನಿಲ್ಲುತ್ತದೆ. ನಗು ಸಣ್ಣದು, ತುಟಿಯ ಮೂಲೆಯದ್ದು. ಹಿಂದೆಯೇ ಒಂಟಿತನ ಇರುವುದರಿಂದ ಹನ್ನೆರಡು ಜನ ಗಲಾಟೆ ಮಾಡುತ್ತ ನೋಡುವುದಕ್ಕೆ ಇದು ಹೇಳಿಸಿದ್ದಲ್ಲ. ಮದುವೆಯ ಮಾತಿನಿಂದ ಸುಸ್ತಾದ ಒಬ್ಬರೋ ಇಬ್ಬರೋ ಮಳೆಯ ರಾತ್ರಿ ನೋಡಬೇಕಾದದ್ದು. ಮಲಯಾಳಕ್ಕೂ ಹಿಂದಿಗೂ ಇದರ ರೀಮೇಕ್ ಆಯಿತು, 2019ರಲ್ಲಿ. ಮಂಗಳೂರನ್ನು ಮಾತ್ರ ಯಾರಿಗೂ ಕೊಂಡುಹೋಗಲಿಕ್ಕೆ ಆಗಲಿಲ್ಲ.

ಸು ಫ್ರಮ್ ಸೋ ಎಂದರೆ ಸೋಮೇಶ್ವರದ ಸುಲೋಚನ. ಅಶೋಕ ಎಂಬ ಹುಡುಗನ ಮೈಮೇಲೆ ಅವಳ ಪ್ರೇತ ಬಂದಿದೆ ಎಂದು ಊರಿಗೆ ಊರೇ ನಂಬುತ್ತದೆ. ನಿಜವಾದ ನಾಯಕ ಆ ಊರು. ಸಾವಿನ ಮನೆಯಲ್ಲಿ ಕುರ್ಚಿ ಹಾಕುವವರು, ಮದುವೆಯಲ್ಲಿ ಯಜಮಾನಿಕೆ ಮಾಡುವವರು, ಎಲ್ಲದಕ್ಕೂ ಕರೆಯಬೇಕಾದ ರವಿಯಣ್ಣ. ಇಂಥ ಒಬ್ಬ ರವಿಯಣ್ಣ ಇಲ್ಲದ ಊರು ನಮ್ಮ ಜಿಲ್ಲೆಯಲ್ಲಿಲ್ಲ. ನಟರಲ್ಲಿ ಹಲವರು ತುಳು ನಾಟಕದಲ್ಲಿ ಪಳಗಿದವರು. ಅರವಿಂದ ಬೋಳಾರ್, ನವೀನ್ ಡಿ. ಪಡೀಲ್, ಭೋಜರಾಜ್ ವಾಮಂಜೂರು ಅವರ ನಾಟಕಗಳನ್ನು ದೇವಸ್ಥಾನದ ಗದ್ದೆಯಲ್ಲಿ ಕೂತು ನೋಡಿದ್ದರೆ ಆ ಟೈಮಿಂಗ್ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ. ಒಬ್ಬ ಮಾತು ಮುಗಿಸುವ ಮೊದಲೇ ಇನ್ನೊಬ್ಬ ಹಿಡಿಯುತ್ತಾನೆ, ಮೂರನೆಯವ ಸುಮ್ಮನೆ ನೋಡುತ್ತಾನೆ, ನಗು ಬರುವುದು ಆ ನೋಟಕ್ಕೆ.

ಇದರಲ್ಲೂ ಒಂದು ತೊಡಕುಂಟು. ಗೊಂದಲವೆಲ್ಲ ಹುಟ್ಟುವುದು ಹುಡುಗಿಯೊಬ್ಬಳ ಬಚ್ಚಲಿಗೆ ಇಣುಕಿದ ಕೆಲಸದಿಂದ, ಅದನ್ನು ಸಿನಿಮಾ ನಗುವಿನಲ್ಲಿ ದಾಟಿಸುತ್ತದೆ. ಮುಂದೆ ಸುಲೋಚನಳ ಮಗಳ ಕಷ್ಟಕ್ಕೆ ಊರು ಎದ್ದು ನಿಲ್ಲುವಾಗ ಆ ಸಾಲ ಅರ್ಧ ತೀರುತ್ತದೆ. ಅರ್ಧ ಬಾಕಿ ಉಳಿಯಿತು ಎಂದೇ ನನ್ನ ಅನಿಸಿಕೆ. ಆದರೂ ಮನೆ ತುಂಬ ಜನ ಇರುವ ಮೊದಲ ರಾತ್ರಿಗೆ ಇದನ್ನು ಮೀರಿಸುವುದು ಇನ್ನೊಂದಿಲ್ಲ.

ಮಕ್ಕಳ ಸಿನಿಮಾ, ಮಗುವಿನ ಸಿನಿಮಾ

ಸೊಸೆಗೆ ಯಾವುದು ಎಂಬುದರಲ್ಲಿ ನನಗೆ ಅನುಮಾನವಿಲ್ಲ: "ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ". 2018ರದ್ದು, ರಿಷಬ್ ನಿರ್ದೇಶನ, ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಪಡೆದದ್ದು. ಹಾಕುವ ಮೊದಲು ಐದು ನಿಮಿಷ ಕೂರಿಸಿ ಹೇಳಬೇಕು. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ಕಾಸರಗೋಡು ಕೇರಳಕ್ಕೆ ಹೋಯಿತು, ಕಯ್ಯಾರ ಕಿಞ್ಞಣ್ಣ ರೈಗಳಂಥವರು ಬದುಕಿನುದ್ದಕ್ಕೂ ಅದರ ವಿರುದ್ಧ ದನಿ ಎತ್ತಿದರು, ಅಲ್ಲಿ ಇವತ್ತಿಗೂ ಕನ್ನಡ ಶಾಲೆಗಳಿವೆ. ಇಷ್ಟು ಗೊತ್ತಿದ್ದರೆ ಆ ಶಾಲೆಯನ್ನು ಮುಚ್ಚಲು ಹೊರಟಾಗ ಹುಡುಗರು ಯಾಕೆ ಅಷ್ಟು ಹಟ ಹಿಡಿಯುತ್ತಾರೆ ಎಂದು ಅವಳಿಗೆ ಅರ್ಥವಾಗುತ್ತದೆ. ಮೊದಲರ್ಧ ಚಿನ್ನ. ಎರಡನೆಯದರಲ್ಲಿ ಕೋರ್ಟಿನ ಭಾಷಣ ಉದ್ದವಾಯಿತು, ಅದನ್ನು ಅನಂತನಾಗ್ ಒಬ್ಬರೇ ಹೊತ್ತು ದಡ ಸೇರಿಸುತ್ತಾರೆ. ಮಧ್ಯೆ ಎದ್ದು ನೀರು ಕುಡಿದು ಬರಬಹುದು.

ಸುಮಂತ್ ಭಟ್ ಅವರ "ಮಿಥ್ಯ" ಹುಡುಗನೊಬ್ಬನ ಕುರಿತಾದದ್ದು, ಹಾಗೆಂದು ಮಕ್ಕಳಿಗೆ ತೋರಿಸುವುದಲ್ಲ. 2025ರ ಮಾರ್ಚ್‌ನಲ್ಲಿ ತೆರೆಗೆ ಬಂತು. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹನ್ನೊಂದು ವರ್ಷದ ಮಿಥುನನನ್ನು ಮುಂಬಯಿಯಿಂದ ಉಡುಪಿ ಕಡೆಯ ಚಿಕ್ಕಮ್ಮನ ಮನೆಗೆ ಕರೆತರುತ್ತಾರೆ. ಕೋಲ ಇಲ್ಲ, ಹುಲಿ ಇಲ್ಲ, ಸಮುದ್ರದ ಸೂರ್ಯಾಸ್ತದ ಚಂದವೂ ಬೇಕಾಗಿಲ್ಲ. ಅಂಗಳ, ಸೈಕಲ್ಲು, ಹೊಸ ಶಾಲೆ, ಇವನನ್ನು ಹೇಗೆ ಮಾತಾಡಿಸುವುದೆಂದು ತಿಳಿಯದ ದೊಡ್ಡವರು. ನಮ್ಮ ಕಡೆಯ ಜನ ದುಃಖದ ಮನೆಯಲ್ಲಿ ಎಷ್ಟು ಕಡಿಮೆ ಮಾತಾಡುತ್ತಾರೆ, ಮಾತಿನ ಬದಲು ಹೇಗೆ "ಊಟ ಆಯ್ತಾ" ಎಂದು ಕೇಳುತ್ತಾರೆ ಎಂಬುದನ್ನು ಹೀಗೆ ಕೇಳಿಸಿಕೊಂಡ ಸಿನಿಮಾ ನಾನು ಬೇರೆ ನೋಡಿಲ್ಲ. ಹತ್ತು ವರ್ಷದಲ್ಲಿ ಒಂದೇ ಒಂದು ಆರಿಸು ಎಂದರೆ ನನ್ನ ಕೈ ಹೋಗುವುದು ಇದಕ್ಕೇ. ಕಾಂತಾರದಂಥ ಅಬ್ಬರ ಅದರಲ್ಲಿಲ್ಲ, ಹೆಸರೇ ಕೇಳದವರು ಹಲವರು, ಆದರೂ ನನ್ನ ಉತ್ತರ ಬದಲಾಗುವುದಿಲ್ಲ. ಅಕ್ಕನೂ ಭಾವನೂ ಮಕ್ಕಳು ಮಲಗಿದ ಮೇಲೆ ನೋಡಲಿ.

ಉಳಿದದ್ದು ಬೇಗ ಹೇಳುತ್ತೇನೆ. 2015ರ "ರಂಗಿತರಂಗ" ಕಮರೊಟ್ಟು ಎಂಬ ಊರಿನ ಕಥೆ, ಅನೂಪ್ ಭಂಡಾರಿಯವರ ಮೊದಲ ಸಿನಿಮಾ. ಯಾರು ಮಾಡಿದ್ದು ಎಂದು ಕೊನೆಯವರೆಗೆ ಊಹಿಸುತ್ತ ಕೂರುವವರಿಗೆ ಚೆನ್ನಾಗಿದೆ. ನಮ್ಮ ಮಾತು ಹುಡುಕಿಕೊಂಡು ಹೋಗಬೇಡಿ.

ತುಳುವಿನದ್ದು ಬೇರೆಯೇ ಲೆಕ್ಕ. ಮಕ್ಕಳಿಗೆ ತುಳು ಬರುವುದರಿಂದ ಬಿಡುವ ಹಾಗಿಲ್ಲ. ಒಂದು ಸಾಲು ನಾಟಕದ ಬಳ್ಳಿಯಿಂದ ಬಂದ ಹಾಸ್ಯದ್ದು, 2019ರ "ಗಿರಿಗಿಟ್" ಅದರಲ್ಲಿ ಜನ ಮುಗಿಬಿದ್ದು ನೋಡಿದ್ದು. ಇನ್ನೊಂದು ಸಾಲು ರಾಷ್ಟ್ರ ಪ್ರಶಸ್ತಿಯದ್ದು: "ಮದಿಪು", "ಪಡ್ಡಾಯಿ", "ಪಿಂಗಾರ". ಇವುಗಳಲ್ಲಿ ನನ್ನ ಆಯ್ಕೆ ಅಭಯ ಸಿಂಹ ಅವರ ಪಡ್ಡಾಯಿ. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಕಥೆಯನ್ನು ಕಡಲ ಕರೆಯ ಮೀನುಗಾರರ ನಡುವೆ ತಂದಿದ್ದಾರೆ. ಪಡ್ಡಾಯಿ ಎಂದರೆ ಪಡುವಣ. ದೋಣಿಯ ಯಜಮಾನಿಕೆಗೆ ಆಸೆಪಟ್ಟವನ ಕಥೆಗೆ ಸಿಂಹಾಸನ ಬೇಕಾಗಿಲ್ಲ ಎಂದು ನೋಡಿದರೆ ತಿಳಿಯುತ್ತದೆ. ತುಳು ಸಿನಿಮಾಗಳು ಬೇಕೆಂದಾಗ ಫೋನಿನಲ್ಲಿ ಸಿಗುವುದು ಕಷ್ಟ. ಊರಲ್ಲಿ ಎಲ್ಲಾದರೂ ಪ್ರದರ್ಶನ ಇಟ್ಟರೆ ಅವತ್ತೇ ಹೋಗಿಬಿಡುವುದು ಒಳ್ಳೆಯದು.

ಆದ್ದರಿಂದ ಅಕ್ಕ, ನಾಲ್ಕು ರಾತ್ರಿಯ ಕ್ರಮ ಹೀಗಿರಲಿ. ಬಂದ ದಿನ ಎಲ್ಲರೂ ಸೇರಿ ಸು ಫ್ರಮ್ ಸೋ. ಮರುದಿನ ಸೊಸೆಗಾಗಿ ರಾಮಣ್ಣ ರೈ ಶಾಲೆ, ಅವಳು ಮಲಗಿದ ಮೇಲೆ ನಿಮಗಿಬ್ಬರಿಗೆ ಮಿಥ್ಯ. ಮೂರನೆಯ ದಿನ ಕಾಂತಾರ, ಅಳಿಯ ಅದೇ ರಾತ್ರಿ ಹೆಡ್‌ಫೋನ್ ಹಾಕಿ ಗರುಡ ಗಮನ ನೋಡಿ ಬೆಳಿಗ್ಗೆ ನನ್ನ ಹತ್ತಿರ ವಾದಕ್ಕೆ ಬರಲಿ.

ನಾಲ್ಕನೆಯ ರಾತ್ರಿ ಅಮ್ಮನದ್ದು. ಅವರಿಗೆಂದು ನಾನು ಎತ್ತಿಟ್ಟಿರುವುದು "ಅಮ್ಮಚ್ಚಿಯೆಂಬ ನೆನಪು". ವೈದೇಹಿಯವರ ಕಥೆಗಳನ್ನು ಆಧರಿಸಿ ಚಂಪಾ ಶೆಟ್ಟಿಯವರು 2018ರಲ್ಲಿ ಮಾಡಿದ್ದು, ಪೂರ್ತಿ ಕುಂದಾಪ್ರ ಕನ್ನಡದಲ್ಲಿ. ಅಮ್ಮನ ತವರಿನ ಮಾತು ಅದು. ಮದುವೆಯಾಗಿ ಇತ್ತ ಬಂದ ಮೇಲೆ ಅಮ್ಮ ಅದನ್ನು ಹೆಚ್ಚು ಆಡಿದ್ದು ನಾವು ಕೇಳಿಲ್ಲ. ನಗುವ, ಓಡುವ ಅಮ್ಮಚ್ಚಿಯನ್ನು ಆ ಕಾಲದ ಮನೆಗಳು ಹೇಗೆ ಕಟ್ಟಿಹಾಕುತ್ತವೆ, ಗಂಡ ಬಿಟ್ಟುಹೋದ ಅಕ್ಕು ತನ್ನದೇ ಒಂದು ಲೋಕ ಹೇಗೆ ಕಟ್ಟಿಕೊಳ್ಳುತ್ತಾಳೆ ಎಂಬುದನ್ನು ಸಿನಿಮಾ ಗಟ್ಟಿ ದನಿ ಎತ್ತದೆ ಹೇಳುತ್ತದೆ. ಮೊದಲ ಸಲ ನಾನೂ ಅಮ್ಮನೂ ನೋಡಿದ ಆಟದಲ್ಲಿ ಥಿಯೇಟರಿನಲ್ಲಿ ಹತ್ತಿಪ್ಪತ್ತು ಜನ ಇದ್ದಿರಬೇಕು. ಹೊರಗೆ ಬಂದು ರಿಕ್ಷಾ ಹತ್ತಿದ ಮೇಲೆ ಅಮ್ಮ ಡ್ರೈವರಿನ ಹತ್ತಿರ "ಹ್ವಾಯ್, ನಿಧಾನ ಹೋಯ್ನಿ" ಎಂದರು. ಅಂಥ ಮಾತು ಅವರ ಬಾಯಲ್ಲಿ ಬರುವುದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಆ ರಾತ್ರಿ ನೀನು ಅಮ್ಮನ ಪಕ್ಕದಲ್ಲೇ ಕೂತ್ಕೋ. ಇಂದ್ರಾಳಿ ಸ್ಟೇಷನ್ನಿಗೆ ನಾನೇ ಬರ್ತೇನೆ, ರಿಕ್ಷಾ ಮಾಡ್ಬೇಡಿ.